ಮೊಟ್ಟೆ ಸುಲಿಯುವ ಸೂರಮ್ಮ

ನಮ್ಮ ಹಟ್ಟಿಯಿಂದ ಕುದಾಪುರದ ಕಡೆ ನೋಡಿದರೆ ದೊಡ್ಡ ದೊಡ್ಡ ವಿಜ್ಞಾನಿಗಳು ಕೆಲಸ ಮಾಡುವ ಕಟ್ಟಡಗಳು ಕಾಣುತ್ತವೆ. ಅಲ್ಲಿ ಬೇಲಿ ಇದೆ, ಕಾವಲುಗಾರರಿದ್ದಾರೆ, ಒಳಗೆ ಏನು ಸಂಶೋಧನೆ ನಡೆಯುತ್ತದೋ ನಮಗೆ ತಿಳಿಯದು. ನಮ್ಮ ಬೇವಿನ ಕಟ್ಟೆಯ ಮೇಲೆ ನಡೆಯುವ ಸಂಶೋಧನೆಗೆ ಬೇಲಿಯಿಲ್ಲ, ಉಪಕರಣ ಬೇಕಿಲ್ಲ, ಅನುಮಾನವಂತೂ ಇಲ್ಲವೇ ಇಲ್ಲ. ಸೂರಮ್ಮನ ಬೆರಳು ಏಕೆ ಬೆಳ್ಳಗಾಯಿತು ಎಂಬುದನ್ನು ಒಂದು ಬೀಡಿ ಸುಟ್ಟು ಮುಗಿಯುವುದರೊಳಗೆ ಕಂಡುಹಿಡಿದದ್ದು ಈ ಕಟ್ಟೆಯೇ.

ಸೂರಮ್ಮ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ತವರು ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಹಾಗಾಗಿ ಸಂತೋಷಕ್ಕೆ ಕನ್ನಡ, ಸಿಟ್ಟಿಗೆ ತೆಲುಗು. ಅವಳ ಗಂಡ ಎರ್ರಿಸ್ವಾಮಿ ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಾನೆ. ಮಗಳು ರಶ್ಮಿತಾ ಆರನೇ ಕ್ಲಾಸಿನಲ್ಲಿರುವುದರಿಂದ ಅವನು ಶಾಲಾ ಸಮಿತಿಯ ಸದಸ್ಯನೂ ಹೌದು. ಸಮಿತಿಯಲ್ಲಿ ಅವನ ಕೆಲಸ ಹಟ್ಟಿಯ ಹಿರಿಯ ದೊಡ್ಡಪಾಲಯ್ಯ ತಲೆಯಾಡಿಸಿದ ಕಡೆಗೇ ತಾನೂ ತಲೆಯಾಡಿಸುವುದು. ಈ ಕೆಲಸವನ್ನು ಅವನಷ್ಟು ನಿಷ್ಠೆಯಿಂದ ಮಾಡಿದವರು ಇನ್ನೊಬ್ಬರಿಲ್ಲ.

ನಮ್ಮದು ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವ ಹಟ್ಟಿ. ಆ ಎತ್ತುಗಳಿಗೆ ಕೋಳಿ ಮೈಲಿಗೆ, ಅದಕ್ಕೇ ಇಲ್ಲಿ ಕೋಳಿ ಸಾಕುವಂತಿಲ್ಲ, ತಿನ್ನುವಂತಿಲ್ಲ, ಯಾರದೋ ಕೋಳಿ ತಪ್ಪಿ ಒಳಗೆ ಬಂದರೆ ಅದಕ್ಕಿಂತ ಹೆಚ್ಚು ಗಾಬರಿ ನಮಗೇ. ಆದರೆ ಶಾಲೆಯಲ್ಲಿ ಸರ್ಕಾರ ಮಕ್ಕಳಿಗೆ ಮೊಟ್ಟೆ ಕೊಡುತ್ತದೆ. ನಮ್ಮ ಮಕ್ಕಳಿಗೆ ಬಾಳೆಹಣ್ಣು, ಮಿಕ್ಕ ಕೇರಿಯ ಮಕ್ಕಳಿಗೆ ಸೂರಮ್ಮ ಬೇಯಿಸಿ ಸುಲಿದುಕೊಟ್ಟ ಮೊಟ್ಟೆ. ಸುಲಿದ ದಿನ ಅವಳು ಹಿತ್ತಲಲ್ಲೇ ಮಿಂದು, ಸೀರೆ ಬದಲಿಸಿ ಮನೆಯೊಳಕ್ಕೆ ಹೋಗುತ್ತಿದ್ದಳು. ಸರ್ಕಾರಿ ಕೆಲಸವೆಂದು ದೇವರೂ ಹಿರಿಯರೂ ಒಪ್ಪಿಕೊಂಡಿದ್ದರು.

ಮೊದಲು ಬೆರಳ ತುದಿಗಳು ಬೆಳ್ಳಗಾದವು. ಆಮೇಲೆ ಗೆಣ್ಣುಗಳು. ಆಮೇಲೆ ಬಾಯಿಯ ಅಂಚು. ದೊಡ್ಡಪಾಲಯ್ಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಹೇಳಿದ:

“ಮೊಟ್ಟೆ ಬೆಳ್ಳಗೈತೆ. ಇವ್ಳು ಸುಲೀತಾಳೆ. ಕೈಗೆ ಹತ್ತೈತೆ. ಇದ್ರಾಗೆ ಡಾಕ್ಟ್ರುನ್ನ ಕೇಳಾದೇನೈತೆ?”

“ಅಲ್ಲ ದೊಡ್ಡಯ್ಯ, ಅವಳ ಜೊತೆ ಅಡುಗೆ ಮಾಡೋ ಆಯಮ್ಮನೂ ಸುಲೀತಾಳೆ. ಅವಳ ಕೈ ಹಂಗೇ ಐತಲ್ಲ?” ಎಂದೆ ನಾನು.

“ಅವರ ಮನೇಲಿ ಕೋಳಿ ನಡೀತೈತೆ ಕಣಲೇ. ಹತ್ತಾದು ನಮ್ಮೋರಿಗೇ.”

ಮನೆತನ ವಿಚಾರಿಸಿಕೊಂಡು ಅಂಟುವ ರೋಗದ ಬಗ್ಗೆ ಕುದಾಪುರದವರಿಗೆ ಇನ್ನೂ ಸುಳಿವು ಸಿಕ್ಕಿರಲಾರದು. ಬಾಯಿಯ ಅಂಚೂ ಬೆಳ್ಳಗಾಗಿದ್ದರಿಂದ, ಅವಳು ಕದ್ದು ತಿಂದಿರಬೇಕು ಎಂಬ ಇನ್ನೊಂದು ಸಿದ್ಧಾಂತವೂ ಸಂಜೆಯೊಳಗೆ ಹುಟ್ಟಿತು. ತೊನ್ನು ಎಂಬ ಮಾತನ್ನು ಅವಳ ಮುಂದೆ ಯಾರೂ ಆಡಲಿಲ್ಲ. ನಮ್ಮ ಜನ ಅಷ್ಟು ಸೂಕ್ಷ್ಮದವರು. ಅವಳ ಬೆನ್ನ ಹಿಂದೆ ಆಡಿದರು, ಅವಳ ಮಗಳ ಮುಂದೆ ಆಡಿದರು. ಕೊನೆಗೆ, ಆ ಕೈಯಿಂದ ನಮ್ಮ ಮಕ್ಕಳು ಉಣ್ಣಬಾರದು, ಅವಳನ್ನು ಕೆಲಸದಿಂದ ಬಿಡಿಸಬೇಕು ಎಂಬ ಕೂಗೆದ್ದು, ಅದನ್ನು ತೀರ್ಮಾನಿಸಲು ಶಾಲಾ ಸಮಿತಿ ಒಂದು ಸಭೆ ಕರೆಯಿತು.

ಎರ್ರಿಸ್ವಾಮಿ ಕಟ್ಟೆಯ ಮೇಲೆ ಎಲ್ಲರ ಜೊತೆ ತಲೆಯಾಡಿಸಿ ಮನೆಗೆ ಹೋಗಿ, ಅದೇ ಕೈ ಕಟ್ಟಿದ ಮುದ್ದೆ ಉಂಡು, ಇನ್ನೊಂದು ಹಾಕಿಸಿಕೊಳ್ಳುತ್ತಿದ್ದ. ಅವರ ಪಕ್ಕದ ಮನೆ ನನ್ನದು. ಅವನು ತೇಗುವುದು ನನಗೆ ಕೇಳಿಸುತ್ತದೆ.

ಸಭೆಗೆ ಮೊದಲು ಸೂರಮ್ಮ ಚಳ್ಳಕೆರೆಯ ಬಸ್ಸು ಹತ್ತಿದಳು. ಜೊತೆಗೆ ಬರಲು ಗಂಡನಿಗೆ ಕುರಿಗಳು ಅಡ್ಡ ಬಂದವು. ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಶಿಲ್ಪಾ ಅವಳ ಕೈಯನ್ನು ತಮ್ಮ ಬರಿಗೈಯಲ್ಲಿ ಹಿಡಿದು ನೋಡಿದರಂತೆ. ಇದನ್ನು ಹೇಳುವಾಗ ಸೂರಮ್ಮನ ಕಣ್ಣು ತುಂಬಿ ಬಂತು. ಬಹಳ ದಿನದಿಂದ ಯಾರೂ ಮುಟ್ಟದ ಕೈ ಅದು.

ಡಾಕ್ಟರು ಅವಳ ಕಣ್ಣು ಮುಚ್ಚಿಸಿ, ಬಿಳಿ ಜಾಗವನ್ನು ಹತ್ತಿಯಿಂದ ಸೋಕಿ, “ಗೊತ್ತಾಗ್ತಿದೆಯಾ?” ಎಂದರು. ಸ್ಪರ್ಶ ಚೆನ್ನಾಗಿಯೇ ಗೊತ್ತಾಗುತ್ತಿತ್ತು.

“ಇದು ಕುಷ್ಠ ಅಲ್ಲ ಅಮ್ಮ. ಚರ್ಮಕ್ಕೆ ಬಣ್ಣ ಕೊಡೋ ಕಣಗಳು ಇರ್ತವೆ. ರೋಗ ಬರದಂಗೆ ಮೈ ಕಾಯೋ ಶಕ್ತಿನೇ ತಪ್ಪು ತಿಳಿದು ಆ ಕಣಗಳ ಮೇಲೆ ಬಿದ್ದು ಸಾಯಿಸಿಬಿಡ್ತದೆ. ಅಲ್ಲಿ ಬೆಳ್ಳಗಾಗ್ತದೆ, ಅಷ್ಟೇ.”

“ಮೊಟ್ಟೆ ಮುಟ್ಟಿದ್ದಕ್ಕಾ ಡಾಕ್ಟ್ರಮ್ಮ?”

“ಮೊಟ್ಟೆ ಮುಟ್ಟಿದ್ರೂ ಬರಲ್ಲ, ತಿಂದ್ರೂ ಬರಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ. ಮುಲಾಮು ಕೊಡ್ತೀನಿ, ಬೆಳಕಿನ ಚಿಕಿತ್ಸೆನೂ ಇದೆ. ಆದರೆ ಬೆರಳ ತುದಿ, ತುಟಿ ಹತ್ರ ಬಣ್ಣ ವಾಪಸ್ ಬರೋದು ಕಷ್ಟ. ಬರದೇನೂ ಇರಬಹುದು. ಸುಳ್ಳು ಹೇಳಲ್ಲ.”

“ಬಣ್ಣ ಹೋದ್ರೆ ಹೋಗ್ಲಿ. ಅಡುಗೆ ಮಾಡಬೌದಾ?”

“ಧಾರಾಳವಾಗಿ ಮಾಡಿ.”

ಸಭೆ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ನಡೆಯಿತು. ನೋಡಲು ಬಂದವರೇ ಹೆಚ್ಚು, ಅವರಲ್ಲಿ ನಾನೂ ಒಬ್ಬ. ಹೆಡ್‌ಮಾಸ್ತರು ಹನುಮಂತರಾಜು ಯಾವ ಕಡೆಗೂ ವಾಲದ ಮನುಷ್ಯ. ಅದಕ್ಕೇ ಚಳ್ಳಕೆರೆಯ ಡಾಕ್ಟರಿಗೆ ಫೋನು ಹಚ್ಚಿ, ಜೋರಾಗಿ ಕೇಳುವಂತೆ ಮೇಜಿನ ಮೇಲಿಟ್ಟು ಕೈ ತೊಳೆದುಕೊಂಡರು. ಡಾಕ್ಟರು ಎಲ್ಲವನ್ನೂ ಇನ್ನೊಮ್ಮೆ ಬಿಡಿಸಿ ಹೇಳಿದರು. ಫೋನು ಕಟ್ಟಾದ ಮೇಲೆ ದೊಡ್ಡಪಾಲಯ್ಯ, “ಫೋನಾಗೆ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಅಂತಾರೆ” ಎಂದ.

ಆಗ ಸೂರಮ್ಮ ಎದ್ದು ನಿಂತಳು.

“ಡಾಕ್ಟ್ರನ್ನ ನಂಬಬ್ಯಾಡ್ರಿ. ನಮ್ಮನೆಯವ್ರು ಇಲ್ಲೇ ಕುಂತವ್ರೆ. ಹೊತ್ತು ಹೊತ್ತಿಗೆ ನನ್ ಕೈಲೇ ಉಣ್ತಾರೆ. ಅಂಟಾದಾಗಿದ್ರೆ ಮೊದ್ಲು ಅವ್ರಿಗೆ ಅಂಟಬೇಕಿತ್ತಲ್ಲ? ಅವ್ರನ್ನೇ ಕೇಳ್ರಿ.”

ಎಲ್ಲರೂ ಎರ್ರಿಸ್ವಾಮಿಯ ಕಡೆ ತಿರುಗಿದರು. ಅವನು ಮಾಡಬೇಕಾದದ್ದು ಬಹಳ ಇರಲಿಲ್ಲ. ಹೌದು ಎಂದರೆ ಸಾಕಿತ್ತು. ಅವನು ದೊಡ್ಡಪಾಲಯ್ಯನ ಮುಖ ನೋಡಿದ, ನೆಲ ನೋಡಿದ, ಗಂಟಲು ಸರಿಮಾಡಿಕೊಂಡ.

“ನಾನು... ಅವಳ ಕೈ ಹಂಗಾದಾಗಿಂದ ನಮ್ಮಣ್ಣನ ಮನೇಲೇ ಉಣ್ತಿದೀನಿ.”

ನನಗೆ ಮೈಯೆಲ್ಲ ಉರಿಯಿತು. ಸೂರಮ್ಮ ಅವನನ್ನೇ ಒಂದು ಗಳಿಗೆ ನೋಡಿ, ಸೆರಗು ಸಿಕ್ಕಿಸಿಕೊಂಡು ಕೂತಳು.

ಅವಳ ಕೆಲಸ ಉಳಿಯಿತು, ಅದೂ ನ್ಯಾಯದಿಂದಲ್ಲ, ಭಯದಿಂದ. ಡಾಕ್ಟರು ಅಷ್ಟು ಹೇಳಿದ ಮೇಲೂ ಬಿಡಿಸಿದರೆ ಮೇಲಿನವರಿಗೆ ತಾವು ಉತ್ತರ ಕೊಡಬೇಕಾಗುತ್ತದೆ ಎಂಬುದು ಹನುಮಂತರಾಜುವಿಗೆ ತಟ್ಟನೆ ಹೊಳೆಯಿತು. ಮಾರನೆಯ ದಿನ ಬಡಿಸುವಾಗ ಕೆಲವು ಮಕ್ಕಳು ಬರಲಿಲ್ಲ. ಬಂದವರು ಹೊಟ್ಟೆ ತುಂಬ ಉಂಡರು. ರಶ್ಮಿತಾ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು.

ಆದರೆ ಸಭೆಯ ದಿನ ಸಂಜೆಯದು ಇನ್ನೊಂದು ಕಥೆ. ಎರ್ರಿಸ್ವಾಮಿ ಏನೂ ಆಗಿಲ್ಲವೆಂಬಂತೆ ಕುರಿಗಳನ್ನು ದೊಡ್ಡಿಗೆ ಕೂಡಿ, ಕಾಲು ತೊಳೆದು, ತಟ್ಟೆಯ ಮುಂದೆ ಕೂತ. ಸೂರಮ್ಮ ತಟ್ಟೆ ಎತ್ತಿಟ್ಟಳು.

“ಪೋ,” ಎಂದಳು. ಮದುವೆಯಾದಾಗಿನಿಂದ ಗಂಡನಿಗೆ ಅವಳು ಹಾಗೆ ಅಂದದ್ದು ಅದೇ ಮೊದಲು. “ನಿಮ್ಮಣ್ಣನ ಮನೆಗೆ ಹೋಗು. ಅಲ್ಲೇ ಉಣ್ತೀಯಂತಲ್ಲ.”

ಅವನು ಸ್ವಲ್ಪ ಹೊತ್ತು ಕೂತು ನೋಡಿದ. ಹಸಿವು ಕಾಯುವುದಿಲ್ಲ. ಎದ್ದು, ಎದುರಿಗೇ ಇದ್ದ ಅಣ್ಣನ ಮನೆಗೆ ಹೋದ. ಅತ್ತಿಗೆ ಪಾಪಕ್ಕ ಅವನನ್ನು ಹೊಸಿಲಿನ ಆಚೆಗೇ ತಡೆದು, ನಾಯಿಗೆ ಹಾಕುವ ಹಳೆಯ ತಟ್ಟೆಯನ್ನು ತೊಳೆದು ತಂದು ಮೆಟ್ಟಿಲ ಮೇಲಿಟ್ಟು, ಸೋಕದಂತೆ ಮೇಲಿನಿಂದ ಮುದ್ದೆ ಹಾಕಿದಳು.

“ಏನತ್ತಿಗೆ ಇದು?”

“ಇಷ್ಟು ದಿನ ನೀನು ಯಾರ ಕೈಲಿ ಉಂಡೆ ಅಂತ ನಮಗೆ ಗೊತ್ತಿಲ್ವೇನಪ್ಪಾ? ಮನೇಲಿ ಮಕ್ಕಳವ್ರೆ.”

“ಅಯ್ಯೋ, ಅದು ಅಂಟಲ್ಲ ಕಣತ್ತಿಗೆ!” ಎರ್ರಿಸ್ವಾಮಿ ಮೆಟ್ಟಿಲ ಮೇಲೆ ನಿಂತು, ಇಡೀ ಹಟ್ಟಿಗೆ ಕೇಳುವಂತೆ ಹೇಳತೊಡಗಿದ. “ಮೈ ಕಾಯೋ ಶಕ್ತಿನೇ ಬಣ್ಣದ ಕಣಗಳ ಮೇಲೆ ಬೀಳ್ತೈತಂತೆ, ಮುಟ್ಟಿದ್ರೆ ಬರಲ್ಲ, ತಿಂದ್ರೂ ಬರಲ್ಲ, ಡಾಕ್ಟ್ರೇ ಹೇಳಿದ್ರಲ್ಲ! ನಾನು ದಿನಾ ಅವಳ ಕೈಲೇ ಉಣ್ತೀನಿ, ನನಗೇನಾಗೈತೆ ನೋಡು!”

ಪಾಪಕ್ಕ ಬಾಗಿಲು ಮುಂದೆ ಮಾಡುತ್ತಾ, “ಇದ್ನ ಮಧ್ಯಾಹ್ನ ಹೇಳ್ಬೇಕಿತ್ತು,” ಎಂದಳು.