ನೆಂಟರಿಗೆ ಕೊಡುವ ನೀರು

ಗುಜರಿಯವನು ಮುನ್ನೂರು ಹೇಳಿದ. ಕೊಂಡಿ ಮುರಿದದ್ದನ್ನು ತೋರಿಸಿ ನೂರೈವತ್ತಕ್ಕೆ ಇಳಿಸಿದೆ. ಆ ನೀಲಿ ಐಸ್ ಡಬ್ಬಿ ಎಪ್ಪತ್ತೂ ಬಾಳುವುದಿಲ್ಲ, ನನಗೆ ಗೊತ್ತು. ಆದರೆ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ‘ಇದರಲ್ಲಿ ಊಟ ಇಡಬೇಡಿ’ ಎಂದು ಬರೆದಿತ್ತು. ಅದು ಮೇಡಂ ಅವರ ಅಕ್ಷರ. ಬಿಟ್ಟು ಬರಲಾಗಲಿಲ್ಲ...

ಮೇಡಂ ನಮ್ಮ ಸುಗಟೂರಿನವರೇ, ಟೊಮೇಟೊ ಬೆಳೆಯುವ ಮನೆಯ ಮಗಳು. ಕೋಲಾರದಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಲೇ, ನಮ್ಮ ನೀರಿನ ಫ್ಲೋರೈಡ್ ಜನರ ಹಲ್ಲು, ಮೂಳೆಯನ್ನು ಹೇಗೆ ಕೆಡಿಸುತ್ತದೆ ಎಂದು ಸಂಶೋಧನೆ ಮಾಡಿದರು. ನಾನು ಎಂಟನೇ ಕ್ಲಾಸಿಗೇ ಪುಸ್ತಕ ಮಡಚಿ, ಲ್ಯಾಬುಗಳಿಗೆ ಬಾಟಲಿ, ಗಾಜಿನ ಸಾಮಾನು ಮಾರಿ ಮೇಲೆ ಬಂದವನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ್ದು ಅವರೊಬ್ಬರೇ. “ಅಣ್ಣಾ, ಇದು ಗ್ರಾಂಟಿನ ದುಡ್ಡು. ನಮ್ಮಪ್ಪನದಾಗಿದ್ರೆ ನೀವು ಕೇಳಿದಷ್ಟು ಕೊಡ್ತಿದ್ದೆ” ಎಂದು ನಗುತ್ತಲೇ ಇಳಿಸುತ್ತಿದ್ದರು.

ಒಮ್ಮೆ ಕುರುಡುಮಲೆ ದಾಟಿ ಸಿಗುವ ಒಂದು ಹಳ್ಳಿಯಿಂದ ಅವರ ಇಬ್ಬರು ವಿದ್ಯಾರ್ಥಿನಿಯರು ನಲವತ್ತು ಮನೆಯ ನೀರಿನ ಬಾಟಲಿಗಳನ್ನು ಇದೇ ನೀಲಿ ಡಬ್ಬಿಯಲ್ಲಿ ತಂದರು. ಗ್ರಾಂಟ್ ಕೊಡುವ ಡೆಲ್ಲಿಯವರಿಗೆ ವರದಿ ಕಳಿಸಲು ಹತ್ತೇ ದಿನ ಉಳಿದಿತ್ತು. ಅದನ್ನು ನೋಡಿಯೇ ಗ್ರಾಂಟಿನ ಮುಂದಿನ ಕಂತು. ಅದು ನಿಂತರೆ ಆ ಹುಡುಗಿಯರ ಪಿಎಚ್.ಡಿ.ಯೂ ನಿಂತಂತೆ. ಪರೀಕ್ಷೆ ಮಾಡಿದರೆ ನಲವತ್ತೂ ನೀರು ಚೊಕ್ಕ! ನಾನು ಅಲ್ಲೇ ಬಾಟಲಿ ಇಳಿಸುತ್ತಿದ್ದೆ. ಮೇಡಂ ಹಾಳೆಯಿಂದ ತಲೆ ಎತ್ತಲಿಲ್ಲ.

“ಆ ಊರಿನ ಮಕ್ಕಳ ಹಲ್ಲೆಲ್ಲ ಕಂದು. ನೀರು ಮಾತ್ರ ಹಿಂಗಾ? ಅಣ್ಣಾ, ವ್ಯಾನ್ ತೆಗೀರಿ.”

ಊರಿನ ಮೊದಲ ಮನೆಯ ಅಜ್ಜಿಯನ್ನು ಕೇಳಿದರು, “ಅವತ್ತು ಬಾಟಲಿಗೆ ಯಾವ ನೀರು ತುಂಬಿದ್ರಿ ಅಜ್ಜಿ?”

“ಫಿಲ್ಟರ್ ನೀರೇ ಕಣಮ್ಮಾ. ಕಾಲೇಜಿಂದ ಬಂದ ಮಕ್ಳಿಗೆ ಬೋರ್ ನೀರು ಕೊಡೋಕಾಗ್ತದಾ? ನಮ್ ಮರ್ಯಾದೆ ಏನಾಗ್ಬೇಕು!”

“ಮತ್ತೆ ನೀವು ಕುಡಿಯೋದು?”

“ನಮ್ಗೆ ಬೋರ್‌ದೇ. ಕ್ಯಾನ್ ನೀರು ನೆಂಟ್ರಿಗೆ.”

ಇಡೀ ಊರು ಮನೆಗೆ ಬಂದವರಿಗೆ ಒಳ್ಳೆಯದನ್ನೇ ಕೊಟ್ಟಿತ್ತು. ವಾಪಸ್ ಬರುವಾಗ ನಾನು ನನ್ನ ಬುದ್ಧಿ ಹೇಳಿದೆ, “ಇದ್ದದ್ದನ್ನೇ ಕಳಿಸಿಬಿಡಿ ಮೇಡಂ. ಡೆಲ್ಲಿಯವರು ಬಂದು ನೋಡ್ತಾರಾ?”

“ನೋಡಲ್ಲ ಅಣ್ಣಾ. ಆ ಅಜ್ಜಿ ಕುಡಿಯೋ ನೀರು ಚೆನ್ನಾಗಿದೆ ಅಂತ ನಾನೇ ಬರೆದುಕೊಟ್ರೆ, ಆಮೇಲೆ ಆ ಊರನ್ನ ಇನ್ಯಾರು ತಿರುಗಿ ನೋಡ್ತಾರೆ?”

ನಾನು ವ್ಯಾನನ್ನು ಸೀದಾ ಅವರ ಲ್ಯಾಬಿಗೇ ಬಿಟ್ಟೆ.

ಸಂಜೆಯೇ ಮೇಡಂ ಡೆಲ್ಲಿಗೆ ಪತ್ರ ಬರೆದರು. ಊರನ್ನೂ ದೂರಲಿಲ್ಲ, ಹುಡುಗಿಯರನ್ನೂ ದೂರಲಿಲ್ಲ. ‘ಹೇಗೆ ಕೇಳಬೇಕೆಂದು ನಾನು ಹುಡುಗಿಯರಿಗೆ ಕಲಿಸಿರಲಿಲ್ಲ, ತಪ್ಪು ನನ್ನದು, ಮೂರು ತಿಂಗಳು ಕೊಡಿ’ ಎಂದರು. ಉತ್ತರಕ್ಕೂ ಕಾಯದೆ ಹುಡುಗಿಯರನ್ನು ಮತ್ತೆ ಕರೆದೊಯ್ದರು. “ನೀರು ಕೊಡಿ ಅನ್ಬೇಡ್ರಮ್ಮ. ಬೆಳಗ್ಗೆ ನೀವು ಕುಡಿದ ಬಿಂದಿಗೆ ತೋರ್ಸಿ ಅನ್ನಿ.” ಈ ಸಲದ ನೀರು ನಿಜ ಹೇಳಿತು. ಡೆಲ್ಲಿಯವರು ಮೂರು ತಿಂಗಳನ್ನೂ ಕೊಟ್ಟರು, ಕಂತನ್ನೂ ಕೊಟ್ಟರು. ಆ ಇಬ್ಬರಲ್ಲಿ ಒಬ್ಬಳು ಇವತ್ತು ಮಾಲೂರಿನಲ್ಲಿ ಲೆಕ್ಚರರ್. ತನ್ನ ವಿದ್ಯಾರ್ಥಿಗಳಿಗೆ ಮೊದಲ ದಿನ ಈ ಬಿಂದಿಗೆಯ ಪಾಠವನ್ನೇ ಹೇಳುತ್ತಾಳಂತೆ. ಆ ವ್ಯಾನ್ ಓಡಿಸಿದವನು ನಾನು ಎಂದು ಹೇಳಿಕೊಳ್ಳುವಾಗ ನನ್ನ ಎದೆ ಈಗಲೂ ಉಬ್ಬುತ್ತದೆ.

ಮೇಡಂ ತೀರಿಹೋಗಿ ವರ್ಷವಾಯಿತು. ಅವರ ಕೋಣೆ ಖಾಲಿ ಮಾಡಿದಾಗ ಡಬ್ಬಿ ಗುಜರಿಗೆ ಬಂದಿರಬೇಕು... ಈಗ ನನ್ನ ಅಂಗಡಿಯ ಮೇಲಿನ ಹಲಗೆಯಲ್ಲಿದೆ. ಊಟ ಇಟ್ಟಿಲ್ಲ.

ನಿಮ್ಮ ಮನೆಗೂ ಯಾರಾದರೂ ಬಾಟಲಿ ಹಿಡಿದು ಬಂದಾರು. ನನ್ನದೊಂದು ಮಾತು ಕೇಳಿ. ನೆಂಟರ ನೀರನ್ನು ಲೋಟಕ್ಕೆ ಹಾಕಿ ಅವರ ಕೈಗೆ ಕೊಡಿ. ಬಾಟಲಿಗೆ ಮಾತ್ರ ನೀವು ಕುಡಿಯುವುದನ್ನೇ ತುಂಬಿ.