ಅಪ್ಪನ ಪಕ್ಕದ ಮಂಚ

ಆಗ ನಮ್ಮ ಮನೆಗೆ ವರ್ಷದಲ್ಲಿ ಎರಡೇ ಕಾಲ. ಅಪ್ಪ ಬಂದ ಕಾಲ, ಅಪ್ಪ ಹೋದ ಕಾಲ. ಮಳೆ, ಚಳಿ, ಬಿಸಿಲು ಎಲ್ಲ ಊರಿನ ಉಳಿದವರಿಗೆ. ಅಪ್ಪ ಮಿಲಿಟ್ರಿಯಲ್ಲಿ ಹವಾಲ್ದಾರ, ವರ್ಷಕ್ಕೊಮ್ಮೆ ಎರಡು ತಿಂಗಳು ರಜೆ. ಫೌಜಿನವರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಬಿಡಿಸಿ ಹೇಳಿದರೂ ಅಷ್ಟಕ್ಕಷ್ಟೇ.

ಅವನ ರಜೆ ಹೆಚ್ಚಾಗಿ ಮೆಣಸಿನಕಾಯಿ ಸುಗ್ಗಿಯಲ್ಲೇ ಬರುತ್ತಿತ್ತು. ಎಂಬತ್ತರ ದಶಕದ ಬ್ಯಾಡಗಿಯಲ್ಲಿ ಆ ದಿನಗಳಲ್ಲಿ ಅಂಗಳ, ಮಾಳಿಗೆ, ಗೋದಾಮಿನ ಮುಂದಿನ ಬಯಲು, ಎಲ್ಲಿ ನೋಡಿದರೂ ಕೆಂಪು. ಅವ್ವ ಓಣಿಯ ಹೆಂಗಸರ ಜೊತೆ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಎಷ್ಟು ತೊಳೆದುಕೊಂಡರೂ ಅವಳ ಕೈಯ ಖಾರ ಹೋಗುತ್ತಿರಲಿಲ್ಲ, ಬೆಲ್ಲ ಕೊಟ್ಟರೂ ನಾಲಿಗೆ ಚುರುಗುಟ್ಟುತ್ತಿತ್ತು. ಗಾಳಿಯ ಘಾಟು ಊರಿನವರಾದ ನಮಗೆ ತಾಗುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಸೀನಿದವನು ಪರವೂರಿನವನು, ಇದು ನಾವು ಹುಡುಗರು ಮಾಡಿಕೊಂಡ ಕಾಯ್ದೆ. ಬಸ್ಸಿಳಿದು ಯಾರಾದರೂ ಸೀನಿದರೆ ‘ಪರವೂರಾವ ಬಂದೊ’ ಎಂದು ಕೂಗಿ ಓಡಿಹೋಗುವುದು ನಮಗೊಂದು ಆಟ.

ಅಪ್ಪ ಸ್ಟೇಶನ್ನಿನಲ್ಲಿ ಇಳಿದು ಕರಿ ಟ್ರಂಕು ಕೆಳಗಿಟ್ಟು ಮೊದಲು ಮಾಡುತ್ತಿದ್ದ ಕೆಲಸವೇ ಸೀನುವುದು. ಹಿಮದಲ್ಲಿ ಕಾವಲು ನಿಂತು ಬಂದ ಮನುಷ್ಯ ಒಂದರ ಹಿಂದೊಂದು ಸೀನುತ್ತ ಕಣ್ಣೊರೆಸಿಕೊಳ್ಳುವಾಗ ಗೆಳೆಯರು ನನ್ನ ಮುಖ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ಈಗ ಬರೆಯುವಾಗ ‘ಅಪ್ಪ ಬಂದ’ ಎಂದು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಓಣಿಯ ಹುಡುಗರೆಲ್ಲ ಅವರವರ ಅಪ್ಪಂದಿರಿಗೆ ‘ನೀ’ ಅಂದರೆ, ನಾನು ಮಾತ್ರ ‘ನೀವು’, ‘ರಿ’. ಮನೆಗೆ ಬಂದ ಬೀಗರನ್ನು ಮಾತಾಡಿಸಿದ ಹಾಗೆ. ಅವ್ವನೂ ಹಾಗೇ, ಬಂದ ದಿನ ಶೇಂಗಾ ಹೋಳಿಗೆ, ತಲೆಯ ಮೇಲೆ ಹೊಸ ಸೀರೆಯ ಸೆರಗು. ಅಪ್ಪ ನಸುಕಿನಲ್ಲೇ ಎದ್ದು, ಕಂಬಳಿಯನ್ನು ಚೌಕಾಕಾರ ಮಡಚಿಟ್ಟು, ಇನ್ನು ಮುಂದೇನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತಿರುತ್ತಿದ್ದ. ‘ಎಷ್ಟನೇ ಕ್ಲಾಸೊ ತಮ್ಮಾ ನೀ ಈಗ?’ ಎಂದು ಪ್ರತಿ ವರ್ಷ ಕೇಳುತ್ತಿದ್ದ. ಅವನ ಸೀನು ನಿಲ್ಲಲು ಒಂದು ತಿಂಗಳು ಬೇಕಾಗುತ್ತಿತ್ತು. ನನ್ನ ನಾಚಿಕೆ ಬಿಡಲು ಇನ್ನೊಂದು ತಿಂಗಳು. ಅಷ್ಟರಲ್ಲಿ ರಜೆ ಮುಗಿಯುತ್ತಿತ್ತು.

ಅವನು ಹೋದ ಮೇಲೆ ಗೂಟಕ್ಕೆ ತೂಗುಬಿಟ್ಟ ಅವನ ಅಂಗಿಗೆ ಬೂಟ್ ಪಾಲಿಶ್ ವಾಸನೆ ಇರುತ್ತಿತ್ತು. ಅವ್ವ ಹೊರಗೆ ಹೋದಾಗ ಅದಕ್ಕೆ ಮೂಗು ಹಚ್ಚಿ ನಿಲ್ಲುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಲು ಅಕ್ಕ ತಂಗಿ ಯಾರೂ ಇರಲಿಲ್ಲ, ನಾನೊಬ್ಬನೇ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಹೈದರ್‌ಸಾಬ್ ಕಾಕಾನ ಸೈಕಲ್ ಅಂಗಡಿಯಲ್ಲಿ ನನ್ನ ತಲೆ ಕೆಟ್ಟಿತು. ಕಾಕಾ ಫೌಜಿನಿಂದ ಪಿಂಚಣಿ ಪಡೆದು ಬಂದವನು. ಪಂಕ್ಚರ್ ತಿದ್ದುತ್ತ ಒಂದು ದಿನ, ಫೌಜಿಯ ಮಗನಿಗೆ ಅಪ್ಪನ ರೆಜಿಮೆಂಟಿನಲ್ಲಿ ಭರ್ತಿಯಾಗಲು ಮೊದಲ ಅವಕಾಶವಿದೆ, ಅಪ್ಪನಿಂದ ಒಂದು ಸರ್ಟಿಫಿಕೇಟು ಬಂದರೆ ಸಾಕು ಎಂದ. ಒಂದು ರೆಜಿಮೆಂಟಿನಲ್ಲಿ ಎಷ್ಟು ಸಾವಿರ ಜನ, ಯಾರು ಯಾವ ಮೂಲೆಯಲ್ಲಿ ಇರುತ್ತಾರೆ, ಅದನ್ನು ಕಾಕಾ ಹೇಳಲಿಲ್ಲ, ನಾನು ಕೇಳಲಿಲ್ಲ. ಬ್ಯಾರಕ್ಕಿನಲ್ಲಿ ಅಪ್ಪನ ಪಕ್ಕದ ಮಂಚ ನನ್ನದೆಂದು ಲೆಕ್ಕ ಹಾಕಿಬಿಟ್ಟೆ. ನಸುಕಿನಲ್ಲಿ ಇಬ್ಬರೂ ಕೂಡಿ ಕಂಬಳಿ ಮಡಚುತ್ತೇವೆ, ಒಂದೇ ಸಾಲಿನಲ್ಲಿ ನಿಂತು ಊಟ ಹಾಕಿಸಿಕೊಳ್ಳುತ್ತೇವೆ. ಹದಿನೇಳು ವರ್ಷದ ಕೋಣ ನಾನು, ಹೀಗೆಲ್ಲ ನೆನೆಯುತ್ತ ಮಲಗುತ್ತಿದ್ದೆ.

ಆ ವರ್ಷ ಅಪ್ಪ ಬಂದದ್ದು ಬೇರೆಯೇ ಯೋಜನೆ ಕಟ್ಟಿಕೊಂಡು.

ವಾಪಸು ಹೋಗುವ ಗಾಡಿಯ ಟಿಕೆಟ್ಟು ವಿಚಾರಿಸಲು, ಹಾಗೇ ಅವ್ವನಿಗೊಂದು ಸೀರೆ ತರಲು ನಾವಿಬ್ಬರೂ ರಾಣೇಬೆನ್ನೂರಿಗೆ ಹೋಗಿದ್ದೆವು. ಕೆಲಸ ಮುಗಿಸಿ ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತು ಒಂದೇ ಕಾಗದದಲ್ಲಿ ಗಿರ್ಮಿಟ್, ಮಿರ್ಚಿ ತಿನ್ನುತ್ತಿದ್ದೆವು. ಅವನ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಅಪ್ಪ ತನ್ನ ಯೋಜನೆ ಬಿಚ್ಚಿದ. ಹಾವೇರಿಯಲ್ಲಿ ಕಾಲೇಜು ಸೇರಬೇಕು, ಎನ್‌ಸಿಸಿ ಬಿಡಬಾರದು, ಡಿಗ್ರಿ ಮುಗಿಸಿ ದೊಡ್ಡ ಪರೀಕ್ಷೆ ಬರೆದು ನೇರ ಆಫೀಸರ್ ಆಗಿ ಹೋಗಬೇಕು. ತನ್ನ ಹಾಗೆ ಕೆಳಗಿನಿಂದ ತೆವಳುತ್ತ ಹೋಗಬಾರದು.

ಮಾತು ಅರ್ಧಕ್ಕೆ ನಿಂತಿತು. ಅಪ್ಪ ದಡಕ್ಕನೆ ಎದ್ದ. ಕೈಯಲ್ಲಿದ್ದ ಅರ್ಧ ಮಿರ್ಚಿ ಬೆನ್ನ ಹಿಂದೆ ಹೋಯಿತು. ಎದುರಿಗೆ ಸಣ್ಣ ಕ್ರಾಪಿನ ಒಬ್ಬ ಯುವಕ, ಇನ್ನೂ ಮೀಸೆ ಸರಿಯಾಗಿ ಬಲಿಯದವನು. ಅಪ್ಪನ ಕಂಪನಿಯಲ್ಲಿ ಹಿಂದೆ ಇದ್ದ ಆಫೀಸರಂತೆ. ಒಳ್ಳೆಯವನೇ. ನಗುತ್ತ ಅಪ್ಪನ ಕೈ ಕುಲುಕಿ, ಹಿಂದಿಯಲ್ಲಿ ಮನೆ ಮಠ ವಿಚಾರಿಸಿ, ಕೂರಿ ಕೂರಿ ಎಂದು ತಾನೇ ಬೆಂಚಿನ ಮೇಲೆ ಕುಳಿತ. ಅಪ್ಪ ಕೂರಲಿಲ್ಲ. ಗಾಡಿ ಬಂದು ಅವನು ಹತ್ತಿ ಹೋಗುವವರೆಗೂ ನಾನು ಆಫೀಸರನ ಪಕ್ಕದಲ್ಲಿ ಕುಳಿತಿದ್ದೆ, ಅಪ್ಪ ನಮ್ಮಿಬ್ಬರ ಮುಂದೆ ನಿಂತಿದ್ದ.

ಗಾಡಿ ಹೋದ ಮೇಲೆ ಅಪ್ಪನ ಮುಖ ಅರಳಿತ್ತು. ‘ನೋಡಿದ್ಯಾ ತಮ್ಮಾ? ನಿನಗಿಂತ ಆರೇಳ ವರ್ಷಕ್ಕ ದೊಡ್ಡಾವ ಇದ್ದಾನು. ನಾ ಇಷ್ಟ ವರ್ಷ ದುಡದೇನಿ, ಆದ್ರೂ ಅವನ ಮುಂದ ಕುಂದ್ರಂಗಿಲ್ಲ. ಒಂದಿನ ನಿನಗ ಹಿಂಗ ಎದ್ದ ನಿಂತು ಸಲಾಮ ಹೊಡೀಬೇಕು. ಅದೊಂದ ಆಸೆ ಐತಿ ನಂದು.’

ಅಪ್ಪ ಕಂಡದ್ದು ಅದು. ನಾನು ಕಂಡದ್ದು ಬೆಂಚಿನ ಮೇಲೆ ಖಾಲಿಯಾದ ಅವನ ಜಾಗ. ನಾನು ಆಫೀಸರ್ ಆದರೆ ಈ ಮನುಷ್ಯ ಇನ್ನು ನನ್ನ ಪಕ್ಕ ಕೂರುವುದೇ ಇಲ್ಲವಲ್ಲ ಅನ್ನಿಸಿತು. ಅದನ್ನು ಹೇಳುವ ಬಾಯಿ ಎಲ್ಲಿತ್ತು? ಬಾಯಿಗೆ ಬಂದದ್ದೇ ಬೇರೆ.

‘ನನಗ ಓದು ತಲೀಗೆ ಹತ್ತಂಗಿಲ್ರಿ. ನಾ ಭರ್ತಿ ಆಕ್ಕೇನ್ರಿ.’

ಶುದ್ಧ ಸುಳ್ಳು. ಕ್ಲಾಸಿನಲ್ಲಿ ನಾನು ಮುಂದಿನ ಸಾಲಿನವನು. ಆದರೆ ವರ್ಷದಲ್ಲಿ ಎರಡು ತಿಂಗಳು ಮನೆಯಲ್ಲಿರುವ ಅಪ್ಪನಿಗೆ ಅದು ಹೇಗೆ ಗೊತ್ತಿರಬೇಕು? ನಂಬಿದ. ಎಣ್ಣೆಯಾದ ಕಾಗದವನ್ನೇ ಚೌಕಾಕಾರ ಮಡಚಿ ಕಿಸೆಯಲ್ಲಿಟ್ಟುಕೊಂಡ.

ಮನೆಗೆ ಬಂದು ವಿಷಯ ತಿಳಿಸಿದೆವು. ಅವ್ವ ಒಲೆಯ ಮುಂದಿನಿಂದಲೇ, ‘ಇಬ್ರೂ ಹೋಗ್ರಿ. ನಾ ಗ್ವಾಡಿ ಜೋಡಿ ಮಾತಾಡ್ತೇನಿ’ ಎಂದಳು. ಅಪ್ಪ ಮರುದಿನ ನಸುಕಿನಲ್ಲಿ ನನ್ನನ್ನು ಎಬ್ಬಿಸಿ, ಭರ್ತಿಯಾಗುವುದೇ ಆದರೆ ನೆಟ್ಟಗೆ ಓಡುವುದನ್ನಾದರೂ ಕಲಿ ಎಂದು ಕದರಮಂಡಲಗಿ ರಸ್ತೆಗೆ ಕರೆದುಕೊಂಡು ಹೋದ. ಆ ರಜೆಯ ಕೊನೆಯ ದಿನಗಳಲ್ಲಿ ದಿನವೂ ಓಡಿದೆವು. ಹೊಲದ ಮಂಜು, ಮೆಣಸಿನ ಘಾಟು, ಅವನ ಏದುಸಿರು. ನಾನು ಅವನನ್ನು ಹಿಂದೆ ಹಾಕಬಲ್ಲವನಾಗಿದ್ದೆ. ಹಾಕಲಿಲ್ಲ. ಹೆಜ್ಜೆ ನಿಧಾನ ಮಾಡಿ ಪಕ್ಕದಲ್ಲೇ ಓಡಿದೆ. ‘ಇಷ್ಟ ಮೆತ್ತಗ ಓಡಿದ್ರ ಯಾರ ತಗೋತಾರೊ ನಿನ್ನ?’ ಎಂದು ಬೈಸಿಕೊಂಡೆ. ಬೈಸಿಕೊಂಡದ್ದೂ ಸುಖವಾಗಿತ್ತು.

ಅಪ್ಪ ಹೋದ. ಸರ್ಟಿಫಿಕೇಟು ಟಪಾಲಿನಲ್ಲಿ ಬಂತು. ಬೆಳಗಾವಿಯಲ್ಲಿ ಓಡಿಸಿದರು, ಎದೆ ಅಳೆದರು, ತೆಗೆದುಕೊಂಡರು. ಪಿಯುಸಿ ಫಲಿತಾಂಶದಲ್ಲಿ ನನ್ನದು ಫಸ್ಟ್ ಕ್ಲಾಸು. ಅದನ್ನು ಅಪ್ಪನಿಗೆ ತಿಳಿಸುವ ಗೋಜಿಗೆ ಹೋಗಲಿಲ್ಲ. ಹಾಜರಾಗಲು ಇನ್ನೊಂದು ವಾರವಿದೆ ಎನ್ನುವಾಗ ಬಾಗಿಲಿನಲ್ಲಿ ಟಾಂಗಾ ನಿಂತು, ಒಳಗಿನಿಂದ ಕರಿ ಟ್ರಂಕು, ಹಾಸಿಗೆಸುರುಳಿ, ಎರಡು ಗೋಣಿಚೀಲ ಇಳಿದವು. ಆಮೇಲೆ ಅಪ್ಪ. ನನ್ನನ್ನು ಕರೆದುಕೊಂಡು ಹೋಗಲಿಕ್ಕೇ ಬಂದಿದ್ದಾನೆಂದು ನನಗೆ ಹಿಗ್ಗು.

‘ಎಷ್ಟ ದಿನದ ರಜಾರಿ?’ ಎಂದೆ.

‘ರಜಾ ಅಲ್ಲ ತಮ್ಮಾ. ಬಂದಬಿಟ್ಟೆ. ಅವಧಿ ಮುಗೀತು. ನೀ ಕಾಲೇಜಿಗೆ ಹೋಗಾಂವ ಇದ್ರ ಇನ್ನೆರಡ ವರ್ಷ ಅಲ್ಲೇ ಇರಾಕ ಬರಕೊಡ್ತಿದ್ದೆ. ಈಗ ನಿಂದ ನಿನಗ ನೌಕರಿ ಆತು. ಇನ್ನ ನಾ ಯಾಕ ಅಲ್ಲಿರ್ಲಿ? ಮನ್ಯಾಗ ನಿಮ್ಮವ್ವ ಒಬ್ಬಾಕಿನ ಅಲ್ಲ?’

ಗೋಣಿಚೀಲ ಎತ್ತಿ ಒಳಗಿಟ್ಟೆ. ಅವ್ವ ಅಳುತ್ತ ನಗುತ್ತಿದ್ದಳು, ಅವಳ ಬಾಳಿನಲ್ಲಿ ಮೊದಲ ಸಲ ಅಪ್ಪ ವಾಪಸು ಹೋಗದೆ ಇರಲು ಬಂದಿದ್ದ. ಆ ಮುಖ ನೋಡಿ ನಾನು ಏನು ಹೇಳಲಿ? ಅಪ್ಪ ಆ ವಾರವೆಲ್ಲ ಅಂಗಳದಲ್ಲಿ ಕುಳಿತು ಟ್ರಂಕಿನ ಮೇಲಿದ್ದ ತನ್ನ ಹೆಸರು ಕೆರೆದು ತೆಗೆದು, ಕರಿ ಬಣ್ಣ ಬಳಿದು, ಒಣಗಿಸಿ, ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆದ. ಫೌಜು ಕೊಡುವ ನಂಬರಿಗೆ ಜಾಗ ಬಿಟ್ಟ. ನಾನು ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ಕುಳಿತಿದ್ದೆ.

ಬ್ಯಾರಕ್ಕಿನಲ್ಲಿ ನನಗೆ ಸಿಕ್ಕ ಮಂಚದ ಒಂದು ಬದಿಗೆ ಸಾತಾರದವನು, ಇನ್ನೊಂದು ಬದಿಗೆ ಗೋಡೆ.

ಮೊದಲ ರಜೆಗೆ ಬಂದದ್ದು ಸುಗ್ಗಿಯಲ್ಲೇ. ಬ್ಯಾಡಗಿ ಸ್ಟೇಶನ್ನಿನಲ್ಲಿ ಟ್ರಂಕು ಕೆಳಗಿಟ್ಟೆ, ಮೂಗಿಗೆ ಘಾಟು ಬಡಿಯಿತು, ಸೀನಿದೆ. ಮತ್ತೆ ಸೀನಿದೆ. ಕಣ್ಣೊರೆಸಿಕೊಂಡು ನೋಡಿದರೆ ಎದುರಿಗೆ ಅಪ್ಪ, ಧೋತರ, ಹೆಗಲ ಮೇಲೆ ಟವೆಲು, ಒಂದು ಸೀನೂ ಇಲ್ಲದೆ ನಗುತ್ತ ನಿಂತಿದ್ದ. ‘ಪರವೂರಾವ ಬಂದ ನೋಡ’ ಎಂದ. ನಾನೂ ನಕ್ಕೆ. ನಗದೆ ಏನು ಮಾಡಲಿ. ಮನೆಯಲ್ಲಿ ನನಗಾಗಿ ಶೇಂಗಾ ಹೋಳಿಗೆ ಮಾಡಿದ್ದರು, ಕೂರಲು ಕುರ್ಚಿ ಹಾಕಿದರು. ಅಪ್ಪ ಕಟ್ಟೆಯ ಮೇಲೆ ಗೆಳೆಯರಿಗೆ, ಮಗನಿಗೆ ಓದು ತಲೆಗೆ ಹತ್ತಲಿಲ್ಲ, ಆದರೆ ಓಟದಲ್ಲಿ ಗಟ್ಟಿ ಎಂದು ಹೇಳುತ್ತಿದ್ದ. ಎಷ್ಟೋ ರಜೆಗಳಲ್ಲಿ ಅದೇ ಮಾತು ಕೇಳಿಸಿಕೊಂಡೆ. ಈ ಸಲ ಹೇಳಿಬಿಡಬೇಕು, ನಿಮ್ಮ ಜೋಡಿ ಇರಲಿಕ್ಕೆಂದೇ ಹೋದೆ ಎಂದು, ಅಂದುಕೊಳ್ಳುತ್ತಿದ್ದೆ. ನಾಚಿಕೆ ಬಿಡುವ ಹೊತ್ತಿಗೆ ರಜೆ ಮುಗಿಯುತ್ತಿತ್ತು. ಅಪ್ಪ ತೀರಿಕೊಂಡಾಗ ನಾನು ಗಡಿಯಲ್ಲಿದ್ದೆ. ಊರು ಮುಟ್ಟಿದಾಗ ಮಣ್ಣಾಗಿತ್ತು.

ಈಗ ನನಗೂ ಪಿಂಚಣಿ. ಮೆಣಸಿನಕಾಯಿ ಅಂಗಳಗಳಿಂದ ಕೋಲ್ಡ್ ಸ್ಟೋರೇಜಿಗೆ ಹೋಗಿದೆ, ಟಾಂಗಾಗಳಿಲ್ಲ, ಪರವೂರಿನವರನ್ನು ಅಣಕಿಸಿ ಓಡುವ ಹುಡುಗರೂ ಇಲ್ಲ. ಸುಗ್ಗಿಯಲ್ಲಿ ಮಾರುಕಟ್ಟೆಯ ಕಡೆಗೆ ಹೋದರೆ ಇಂದಿಗೂ ಘಾಟು ಮೂಗಿಗೆ ಅಡರುತ್ತದೆ. ಊರಿಗೆ ಬಂದ ಹೊಸದರಲ್ಲಿ ಸೀನುತ್ತಿದ್ದೆ, ಈಗ ನಿಂತಿದೆ. ನಾನು ಊರಿನವನಾಗಿದ್ದೇನೆ. ಅದನ್ನು ನೋಡಲು ಸ್ಟೇಶನ್ನಿಗೆ ಬರಬೇಕಾದವನು ಇಲ್ಲ.