ಮೊದಲು ಕಿವಿ

೧೯೩೭ರಲ್ಲಿ ನಾನು ಓದು ಬಿಟ್ಟು ಮಂಡ್ಯದ ಸಕ್ಕರೆ ಕಾರ್ಖಾನೆ ಸೇರಿದೆ. ಎರಡು ವರ್ಷ ದುಡಿದ ಹಣ ಹಿಡಿದು, ದೂರದವರೊಂದಿಗೆ ಮಾತಾಡುವ ಹವ್ಯಾಸಿ ರೇಡಿಯೋ ಕೊಳ್ಳಲು ಮದ್ದೂರಿನ ಮೆಕ್ಯಾನಿಕ್ ಸಾಹೇಬರ ಬಳಿ ಹೋದೆ. ಅವರು ಹೆಡ್‌ಫೋನ್ ಹಾಕಿಕೊಂಡು ಎಡಗೈ ಎತ್ತಿದರೆ ಬೀದಿಯೇ ಸುಮ್ಮನಾಗಬೇಕಿತ್ತು.

ಹೊಸಬರಿಗೆಲ್ಲ ಅವರದು ಒಂದೇ ಮಾತು: “ಮೊದ್ಲು ಕಿವಿ ತಕ್ಕಳ್ಲಾ, ಬಾಯಿ ಆಮೇಕೆ.” ಕೇಳುವ ಸೆಟ್ಟು ಕಿವಿ, ಕಳಿಸುವ ಸೆಟ್ಟು ಬಾಯಿ. ನನ್ನ ಹಣಕ್ಕೆ ಒಂದೇ ಬರುತ್ತಿತ್ತು.

“ಕೇಳಾಕೆ ನಿಮ್ದೈತಲ್ಲ ಸಾಬ್ರೆ,” ಎಂದು ನಾನು ಬಾಯಿಯನ್ನೇ ಆರಿಸಿದೆ.

“ಎತ್ತಿನ್ ಅಲ್ಲು ನೋಡ್ದೆ ಬರೀ ಕೊಂಬು ನೋಡಿ ಇಡ್ಕೊಂಡೆ ಕಣ್ಲಾ,” ಎಂದು ನಕ್ಕರು.

ಆ ವರ್ಷವೇ ಯುದ್ಧ ಬಂತು. ಕಳಿಸುವ ಸೆಟ್ಟು ಇದ್ದವರ ಸಾಮಾನನ್ನೆಲ್ಲ ಸರ್ಕಾರ ತೆಗೆದುಕೊಂಡಿತು. ನನ್ನದೂ ಹೋಯಿತು, ಸಾಹೇಬರ ಕಿವಿ, ಬಾಯಿ ಎರಡೂ ಹೋಗಿ ಹೆಡ್‌ಫೋನ್ ಮಾತ್ರ ಕೈಲುಳಿಯಿತು. ಬರೀ ಕೇಳುವ ಸೆಟ್ಟು ಇದ್ದವರದು ಉಳಿಯಿತು.

ಸಿಂಗಪುರ ಜಪಾನೀಯರ ಕೈಗೆ ಬಿದ್ದಾಗ ಸಾಹೇಬರ ಮಗ ಅಲ್ಲಿನ ಸೇನೆಯ ಪಟಾಲಮ್ಮಿನಲ್ಲಿದ್ದ. ಸೆರೆ ಸಿಕ್ಕವರ ಹೆಸರನ್ನು ರೇಡಿಯೋದಲ್ಲಿ ಓದುತ್ತಾರೆಂದು ಯಾರೋ ಹೇಳಿದ್ದರು. ಸಾಹೇಬರು ಹೆಡ್‌ಫೋನ್ ಹಿಡಿದು ನನ್ನ ಮನೆಗೆ ಬಂದರು.

“ಆಮೇಕಾದ್ರೂ ಕಿವಿ ತಕ್ಕಂಡ್ಯೇನ್ಲಾ?”

“ಇಲ್ಲ ಸಾಬ್ರೆ.”

ಬಯ್ಯಲಿಲ್ಲ. ಎಲ್ಲಿಗೂ ಸೇರಿಸದ ಆ ಹೆಡ್‌ಫೋನನ್ನೇ ಹಾಕಿಕೊಂಡು ಜಗಲಿಯಲ್ಲಿ ಕೂತು, ಎಡಗೈ ಎತ್ತಿದರು. ನಾನು ಸುಮ್ಮನಾದೆ.

ಮಗ ಬರಲಿಲ್ಲ. ಸಾಹೇಬರೂ ತೀರಿಕೊಂಡರು. ಈಗ ನನ್ನ ಹತ್ತಿರ ಸ್ವಂತ ಮನೆ ಒಂದು, ಕೇಳುವ ಸೆಟ್ಟು ಎರಡು, ಅವರ ಹೆಡ್‌ಫೋನ್ ಒಂದು ಇವೆ.